ನಾಲ್ಕು ಲಾರಿ, ಒಂದು ಬಾಣಂತನ

ಲಾರಿ ಪರವಾನಗಿ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ದಯವಿಟ್ಟು ನನ್ನನ್ನು ಬಿಡುಗಡೆ ಮಾಡಿ. ನಾನು ಜೈಲಿನಲ್ಲಿಲ್ಲ, ಕ್ಲಾಂಗ್ ಪಟ್ಟಣದ ನನ್ನ ಮನೆಯಲ್ಲೇ ಕುಳಿತು ನಿಮ್ಮ ಕಡತವೊಂದರಲ್ಲಿ ಸಿಕ್ಕಿಕೊಂಡಿದ್ದೇನೆ. ಮಲಯ್ ಭಾಷೆಯಲ್ಲಿ ಎರಡು, ಇಂಗ್ಲಿಷಿನಲ್ಲಿ ಮೂರು ಪತ್ರ ಬರೆದೆ. ಉತ್ತರವಿಲ್ಲ. ಹೇಗೂ ನೀವು ಓದುವುದಿಲ್ಲವೆಂದ ಮೇಲೆ ನನಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಬರೆಯೋಣವೆಂದು ನಮ್ಮ ಕನ್ನಡ ಸಂಘದ ಪತ್ರಿಕೆಯ ಮೊರೆ ಹೊಕ್ಕಿದ್ದೇನೆ.

ಪಕ್ಕದ ಮನೆಯ ಗೋಪಿನಾಥನಿಗೆ ನಾಲ್ಕು ಲಾರಿಗಳಿವೆ. ಬಂದರಿನಿಂದ ಕಂಟೇನರ್ ಸಾಗಿಸುತ್ತಾನೆ. ಲಾರಿ ಕಂಪನಿಯ ಮೇಲೆ ಯಾರಾದರೂ ದಾವೆ ಹೂಡಿದರೆ ಕೋರ್ಟಿನ ಕಾಗದ ಪಡೆಯಲು, ಹಗಲೆಲ್ಲ ಒಂದೇ ವಿಳಾಸದಲ್ಲಿ ಸಿಗುವ ಪ್ರತಿನಿಧಿಯೊಬ್ಬರು ಇರಲೇಬೇಕೆಂಬುದು ನಿಮ್ಮ ನಿಯಮ. ಮೂರು ವರ್ಷದ ಹಿಂದೆ ಅವನು ಫಾರಂ ಹಿಡಿದು ಬಂದ. "ಅಕ್ಕಾ, ರಿಟೈರ್ ಆದ್ರಲ್ಲ, ಹೇಗೂ ಮನೇಲೇ ಇರ್ತೀರಿ. ಒಂದು ಸೈನ್, ಅಷ್ಟೇ ಲಾ!" ಎಂದು ಇಲ್ಲಿಯವರ 'ಲಾ' ಸೇರಿಸಿ ಬೇಡಿದ. ಮೂವತ್ತು ವರ್ಷ ನರ್ಸಿಂಗ್ ವಿದ್ಯಾರ್ಥಿಗಳಿಗೆ 'ಓದದೆ ಸಹಿ ಹಾಕಬೇಡಿ' ಎಂದು ಪಾಠ ಹೇಳಿದವಳು ನಾನು. ಓದದೆ ಸಹಿ ಹಾಕಿದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ನಿಯಮ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹೋದ ವರ್ಷ ಗೋಪಿನಾಥನ ಲಾರಿಯೊಂದು ವಯಸ್ಸಾದವರೊಬ್ಬರ ಅಂಗಡಿಯ ಗೋಡೆ ಕೆಡವಿತು. ಅವರು ಕೋರ್ಟಿಗೆ ಹೋದರು, ಕಾಗದ ನನ್ನ ಕೈಗೆ ಬಂತು. ಗೋಡೆ ಮತ್ತೆ ಏಳುವವರೆಗೂ ನಾನು ಗೋಪಿನಾಥನ ಬೆನ್ನು ಬಿಡಲಿಲ್ಲ. ಆಗ ನನಗೆ ನಿಜಕ್ಕೂ ಹೆಮ್ಮೆಯಾಯಿತು.

ಈಗ ಪೆನಾಂಗಿನ ಬಯಾನ್ ಲೆಪಾಸಿನಲ್ಲಿರುವ ಮಗಳು ಇಂಚರಾಳಿಗೆ ಒಂಬತ್ತು ತಿಂಗಳು. ಬಾಣಂತನಕ್ಕೆ ನಾನು ಹೋಗಬೇಕು. ನನ್ನ ಬದಲು ವಕೀಲರೊಬ್ಬರ ಹೆಸರನ್ನು ಗೋಪಿನಾಥ ನಿಮಗೆ ಕೊಟ್ಟು ಎರಡು ತಿಂಗಳಾಯಿತು. ಆದರೆ ಹಳೆಯ ಪ್ರತಿನಿಧಿ ತನ್ನ ರಾಜೀನಾಮೆಯನ್ನು ಮೊದಲು ಕಂಪನಿಗೆ ವಿಧಿವತ್ತಾಗಿ ತಲುಪಿಸಬೇಕಂತೆ. ಕಂಪನಿಗೆ ವಿಧಿವತ್ತಾಗಿ ತಲುಪಬೇಕಾದುದೆಲ್ಲ ಅದರ ಪ್ರತಿನಿಧಿಯ ಕೈಗೇ ಸೇರಬೇಕಂತೆ. ಅಂದರೆ ನನ್ನ ಕೈಗೆ! ಆಗಲಿ ಎಂದು ನನಗೆ ನಾನೇ ರಿಜಿಸ್ಟರ್ಡ್ ಪತ್ರ ಹಾಕಿದೆ, ಸಹಿ ಮಾಡಿ ತೆಗೆದುಕೊಂಡೆ, ರಸೀದಿಯನ್ನು ನಿಮ್ಮ ಕೌಂಟರಿಗೆ ಒಯ್ದು ಕೊಟ್ಟೆ. ಕಳುಹಿಸಿದವರೂ ಪಡೆದವರೂ ಒಬ್ಬರೇ ಆದ್ದರಿಂದ ಸಿಸ್ಟಮ್ ಒಪ್ಪುವುದಿಲ್ಲವಂತೆ. ನಿಮ್ಮ ಸಿಸ್ಟಮ್ಮಿಗೆ ಇರುವಷ್ಟು ನಾಚಿಕೆ ನನಗಿದ್ದಿದ್ದರೆ ಆ ಪತ್ರವನ್ನೇ ಬರೆಯುತ್ತಿರಲಿಲ್ಲ.

ಮಗಳಿಗೆ ಫೋನಿನಲ್ಲಿ ಹೇಳಿದೆ. "ಸೋ, ಡೆಲಿವರಿ ಪೋಸ್ಟ್‌ಪೋನ್ ಮಾಡ್ಲಾ ಅಮ್ಮಾ?" ಎಂದು ನಕ್ಕಳು. ನಗು ಮುಗಿಸಿ, "ನೀನಿಲ್ದೆ ಭಯ ಆಗತ್ತೆ" ಎಂದಳು. ಮಾನ್ಯರೇ, ಬಾಣಂತನಕ್ಕೂ ಪ್ರತಿನಿಧಿ ನೇಮಿಸುವ ಫಾರಂ ನಿಮ್ಮಲ್ಲಿದೆಯೇ?

ಬೀಗ ಹಾಕಿಕೊಂಡು ಹೋಗಬಹುದಲ್ಲ ಎನ್ನುವಿರಿ. ಹೋದರೆ ಗೋಪಿನಾಥನ ಪರವಾನಗಿ ಅಮಾನತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಇನ್ನಾರದೋ ಗೋಡೆ ಬಿದ್ದಾಗ ಅವರ ಕಾಗದ ಬೀಗ ನೋಡಿ ಹಿಂದಿರುಗುತ್ತದೆ. ಅದನ್ನು ನಾನು ಸಹಿಸಲಾರೆ.

ಆದ್ದರಿಂದ ಹತ್ತು ದಿನದೊಳಗೆ ವಕೀಲರ ಹೆಸರನ್ನು ದಾಖಲಿಸಿ. ಆಗದಿದ್ದರೆ, ಮಗಳು ಕರೆದ ದಿನ ನಾನು ಪೆನಾಂಗಿನ ಬಸ್ಸು ಹತ್ತುವವಳೇ. ಹೊರಡುವ ಮುನ್ನ ನಿಮ್ಮ ಹುದ್ದೆ, ಕಚೇರಿಯ ವಿಳಾಸ, ಮೇಜಿನ ಫೋನ್ ನಂಬರು ಎಲ್ಲವನ್ನೂ ದಪ್ಪಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸುತ್ತೇನೆ. ಆಮೇಲೆ ಬರುವ ಕೋರ್ಟಿನ ಕಾಗದಗಳಿಗೆಲ್ಲ ಸಹಿ ಹಾಕಬೇಕಾದವರು ನೀವು.

ಇಂತಿ,
ಬಾಣಂತಿ ಲೇಹ್ಯ ಮಾಡಿಟ್ಟುಕೊಂಡು ಕಾಯುತ್ತಿರುವ,
ಸರೋಜಿನಿ