ಬಿಲ್ಲೆ ಮಗುಚಿದ ಹನ್ನೊಂದು ವರ್ಷ

ಬೆಟಗೇರಿ, ಫೆಬ್ರವರಿ ಮೂವತ್ತೊಂದು, ೨೧೯೪

ಇಂದುಮತಿ ಅಜ್ಜಿಯವರಿಗೆ ನಿಮ್ಮ ಮರಿಮಗಳ ಮರಿಮಗಳು ನೀಲಾಂಬಿಕೆಯ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ನೀವು ಹೋದ ಮೇಲೆ ಕ್ಯಾಲೆಂಡರನ್ನೂ ತಿದ್ದಿದರು, ಅದೊಂದು ಬೇರೆಯೇ ರಗಳೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ, ಹೋಗುತ್ತಾ ಹೋಗುತ್ತಾ ಬಿಡಿಸಿ ಹೇಳುತ್ತೇನೆ. ಈಗ ಹಿಂದಿನ ಕಾಲಕ್ಕೂ ಟಪಾಲು ಹೋಗುತ್ತದೆ. ನಿಮ್ಮ ಕಾಲದ ಲೆಕ್ಕದಲ್ಲಿ ನಾಳೆ ನೀವು ಹುಬ್ಬಳ್ಳಿಯ ಮಹಿಳಾ ಸಂಘದಲ್ಲಿ ಭಾಷಣ ಮಾಡುವವರಿದ್ದೀರಿ. ಅದಕ್ಕೆ ಮೊದಲು ಈ ಪತ್ರ ನಿಮ್ಮ ಕೈ ಸೇರಬೇಕು.

ಆ ಭಾಷಣ ನಮಗೆ ಬಾಯಿಪಾಠ. ‘ಬಸ್‌ಸ್ಟಾಪಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ ಪಕ್ಕದವರ ಕಸುಬು ಕೇಳದೆ, ನಿಮ್ಮ ಕಸುಬು ಹೇಳದೆ ಏಳಬೇಡಿ.’ ಒಳ್ಳೆಯ ಮಾತೇ. ಮನೆಯಲ್ಲಿ ಕೂತ ಹೆಣ್ಣುಮಕ್ಕಳಿಗೆ ನಾಲ್ಕು ಗಿರಾಕಿ ಸಿಗಲಿ ಎಂದು ಹೇಳಿದ್ದಿರಿ. ಆದರೆ ನಿಮ್ಮ ನಂತರದವರು ಅದನ್ನು ಕಾಯಿದೆ ಮಾಡಿಟ್ಟರಲ್ಲ! ಈಗ ಪ್ರತಿಯೊಬ್ಬರ ಎದೆಯ ಮೇಲೂ ಒಂದು ಕಸುಬುಬಿಲ್ಲೆ. ಇಬ್ಬರು ಒಂದು ಮಾರು ದೂರಕ್ಕೆ ಬಂದರೆ ಸಾಕು, ಬಿಲ್ಲೆಗಳೇ ಗಂಟಲು ಹರಿದುಕೊಂಡು ಪರಿಚಯ ಹೇಳುತ್ತವೆ. ಕ್ಷೌರಕ್ಕೆ ಕೂತವನ ಬಿಲ್ಲೆ ನೆಲಗಟ್ಟಿನ ಕಲ್ಲು ಮಾರುತ್ತದೆ. ಹೋದ ವರ್ಷ ನಮ್ಮ ಅವ್ವನ ಮಣ್ಣಿಗೆ ಬಂದವರ ಬಿಲ್ಲೆಗಳ ಗದ್ದಲದಲ್ಲಿ ನನಗೆ ನೆಟ್ಟಗೆ ಅಳಲಿಕ್ಕೂ ಆಗಲಿಲ್ಲ. ಸಾಕಾಗಿ ಹೋಗಿದೆ ಅಜ್ಜಿ, ತಲೆ ಚಿಟ್ಟು ಹಿಡಿದಿದೆ!

ಅದಕ್ಕೇ ನಮ್ಮಲ್ಲೊಂದು ರೂಢಿ ಬೆಳೆಯಿತು. ಯಾರ ಮೇಲಾದರೂ ನಿಜವಾದ ಮಮತೆ ಹುಟ್ಟಿದರೆ ಅವರೆದುರು ಬಿಲ್ಲೆಯನ್ನು ಮಗುಚಿ ಹಾಕಿಕೊಳ್ಳುತ್ತೇವೆ. ಮಗುಚಿದ ಬಿಲ್ಲೆಗೆ ಬಾಯಿಲ್ಲ. ಆಮೇಲೆ ಒಬ್ಬರ ಕಸುಬನ್ನು ಇನ್ನೊಬ್ಬರು ಜನ್ಮದಲ್ಲಿ ಕೇಳುವುದಿಲ್ಲ. ಗೆಳತಿಯ ಮುಂದೆ ಕಸುಬಿನ ಮಾತೆತ್ತಿದರೆ ಮುಖಕ್ಕೆ ಉಗುಳಿದಷ್ಟೇ ಅವಮಾನ, ಸಂಬಂಧ ಅಲ್ಲಿಗೆ ಮುಗಿಯಿತು.

ನಾನೂ ಕಾಶೀಬಾಯಿಯೂ ಹಾಗೆ ಬಿಲ್ಲೆ ಮಗುಚಿದವರು. ಮೊದಲ ದಿನವೇ ಮಗುಚಿದೆವು, ಅದಕ್ಕೆ ಮುಂಚೆ ಬಿಲ್ಲೆಗಳು ಕೂಗಿದ್ದು ಗಿರಣಿಯ ಸದ್ದಿನಲ್ಲಿ ಇಬ್ಬರಿಗೂ ಕೇಳಿಸಿರಲಿಲ್ಲ. ಹನ್ನೊಂದು ವರ್ಷ, ಪ್ರತಿ ಗುರುವಾರ, ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಜೋಳದ ಡಬ್ಬಿ ಇಟ್ಟುಕೊಂಡು ನಮ್ಮ ಪಾಳಿ ಬರುವವರೆಗೆ ಹರಟುತ್ತಿದ್ದೆವು. ಅವಳ ಮೊಣಕಾಲು ನೋವು, ನನ್ನ ಅಳಿಯನ ಗೊರಕೆ, ಯಾರ ಮನೆಯ ಚಟ್ನಿಪುಡಿಗೆ ಬೆಳ್ಳುಳ್ಳಿ ಹೆಚ್ಚಾಯಿತು, ಇಂಥವೇ. ಕೆಲವು ವರ್ಷಗಳಿಂದ ಅವಳು ಮಾತು ಕಡಿಮೆ ಮಾಡಿ ನನ್ನ ಪ್ರತಿ ಮಾತಿಗೂ ನಗತೊಡಗಿದಳು. ನನ್ನ ಚೇಷ್ಟೆಯ ಮಾತು ಅಷ್ಟು ಹದಕ್ಕೆ ಬಂದಿದೆಯೆಂದು ನಾನು ಉಬ್ಬಿ ಹೋದೆ. ಆಮೇಲೆ ನಾಲ್ಕು ಗುರುವಾರ ಅವಳು ಬರಲೇ ಇಲ್ಲ. ಗಿರಣಿಯ ಮಲ್ಲೇಶಪ್ಪನನ್ನು ಕೇಳಿದೆ.

“ಆಕಿಗೆ ಕಿವಿ ಕೇಳಂಗಿಲ್ರೀ ಅಕ್ಕಾರ, ಮೂರು ವರ್ಷಾತು. ನಿಮ್ಮ ಮಾತಿಗೆ ಸುಮ್ನ ನಗತಿದ್ಲು. ಈಗ ನಾಚಿಕಿ ಬಂದು ಮನಿ ಬಿಟ್ಟು ಹೊರಗ ಬರವಲ್ಲಳು” ಎಂದ.

ಅಜ್ಜಿ, ನನ್ನ ಕಸುಬೇನು ಗೊತ್ತೇ? ಕಿವಿಮಣಿ ಮಾಡುವುದು. ಕೇಳಿಸದವರ ಕಿವಿಯೊಳಗೆ ಕೂಡಿಸುವ, ಕಡಲೆಯಷ್ಟು ಗಾತ್ರದ ಯಂತ್ರ ಅದು. ಊರಿನ ಅರ್ಧ ಮುದುಕರು ಕೇಳುವುದು ನನ್ನ ಕೈಕೆಲಸದಿಂದ. ಹಣೆ ಹಣೆ ಚಚ್ಚಿಕೊಂಡೆ.

ಹೇಳಿದರೆ ಇವಳೂ ಎಲ್ಲರಂತೆ ಗಿರಾಕಿ ಹುಡುಕಿಕೊಂಡು ಬಂದಳೆಂದು ಕಾಶೀಬಾಯಿ ನನ್ನನ್ನು ಬಿಟ್ಟೇಬಿಡಬಹುದು. ಹೇಳದಿದ್ದರೆ ಅವಳು ಆ ಮನೆಯೊಳಗೇ ಮೂಕಿಯಂತೆ ಉಳಿಯುತ್ತಾಳೆ. ಎರಡು ದಿನ ಒದ್ದಾಡಿ ಮೂರನೆಯ ದಿನ ಹೋದೆ. ಕಿಟಕಿಯಿಂದ ಕಂಡಳು, ಬೆನ್ನು ತಿರುಗಿಸಿ ಕೂತು ಅಕ್ಕಿ ಆರಿಸುತ್ತಿದ್ದಳು. ಬಾಗಿಲು ಬಡಿದೆ, ಕೂಗಿದೆ, ಓಣಿಯ ಮಂದಿಯೆಲ್ಲ ಹೊರಗೆ ಬಂದರು, ಅವಳು ತಿರುಗಲಿಲ್ಲ. ಕೊನೆಗೆ ಒಂದು ಚೀಟಿ ಬರೆದು ಕಿಟಕಿಯಿಂದ ಅವಳ ಮೊರದೊಳಗೆ ಎಸೆದೆ: ‘ಮೊಣಕಾಲು ಹೇಗಿದೆ? ನಾನು ಕಿವಿಮಣಿ ಮಾಡುವವಳು. ಸಿಟ್ಟಾಗಬೇಡ.’

ಅವಳು ಓದಿದಳು. ಆಮೇಲೆ ಎದ್ದು ಬಂದು ಬಾಗಿಲು ತೆರೆದು, ಓಣಿಗೆಲ್ಲ ಕೇಳುವಂತೆ ಕೂಗಿದಳು: “ಇಷ್ಟು ದಿನ ಬಾಯಾಗ ಕಡಬು ಇಟಗೊಂಡಿದ್ದೇನ? ಒಳಗ ಬಾ!”

ಅಂದೇ ಕಿವಿ ಅಳತೆ ತೆಗೆದೆ, ವಾರದಲ್ಲಿ ಮಣಿ ಕೂಡಿಸಿದೆ. ನನ್ನ ಅಳಿಯನ ಗೊರಕೆಯ ಕಥೆಯನ್ನು ಮತ್ತೆ ಹೇಳಿಸಿದಳು. ಪೂರ್ತಿ ಕೇಳಿ, “ಇಂಥಾದ್ದಕ್ಕ ನಾ ಮೂರು ವರ್ಷ ನಕ್ಕೆನೇನ?” ಎಂದಳು.

ಭಾಷಣ ಬಿಟ್ಟುಬಿಡಿ ಎನ್ನುವುದಿಲ್ಲ. ಒಂದು ವಾಕ್ಯ ಸೇರಿಸಿ, ಕೈಮುಗಿದು ಕೇಳುತ್ತೇನೆ: ‘ಮೊದಲು ಮೊಣಕಾಲು ವಿಚಾರಿಸಿ, ಆಮೇಲೆ ಕಸುಬು ವಿಚಾರಿಸಿ, ಎರಡರಲ್ಲಿ ಯಾವುದನ್ನೂ ಬಿಡಬೇಡಿ.’ ಆ ಒಂದು ವಾಕ್ಯ ಇಲ್ಲದ್ದಕ್ಕೆ, ಅಜ್ಜಿ, ನನ್ನ ಗೆಳತಿ ಮೂರು ವರ್ಷ ನನ್ನ ಪಕ್ಕದಲ್ಲೇ ಒಬ್ಬಳೇ ಕೂತಿದ್ದಳು.