ಕಣ್ಣಳತೆಯ ನಿಯಮ

ಪ್ರೀತಿಯ ಅಕ್ಕಾ,

ಮಂಡಿನೋವು ಬಿಟ್ಟರೆ ಕ್ಷೇಮ. ಮಾರ್ಮನ್ ಚರ್ಚಿನ ಮಿಷನರಿಯ ದಿನಚರಿ ಗೊತ್ತಲ್ಲ: ಆರೂವರೆಗೆ ಏಳು, ಮನೆಮನೆಗೆ ಹೋಗಿ ಬೈಗುಳ ಕೇಳು. ಜೊತೆಗಾತಿ ಸದಾ ಕಣ್ಣಳತೆಯಲ್ಲೇ ಇರಬೇಕೆಂಬುದು ನಿಯಮ. ನನ್ನ ಜೊತೆಗಾತಿಗೆ ಇಪ್ಪತ್ತು ವರ್ಷ. ವಾರದಿಂದ ಊಟವಿಲ್ಲ, ನಿದ್ದೆಯಿಲ್ಲ. ಕರೆಗಂಟೆ ಒತ್ತಲು ಹೋದವಳು ಒತ್ತದೆಯೇ ಮೆಟ್ಟಿಲಿಳಿದು ಬಂದುಬಿಡುತ್ತಾಳೆ. ನನ್ನ ಅರ್ಧ ವಯಸ್ಸಿನ ಮೇಲ್ವಿಚಾರಕನಿಗೆ ಹೇಳಿದರೆ, "ಇನ್ನಷ್ಟು ಪ್ರಾರ್ಥನೆ ಮಾಡ್ಲಿ" ಎಂದ. ನನಗೆ ಮೈಯೆಲ್ಲ ಉರಿದು, ನಿನ್ನೆ ಅವಳನ್ನು ಮನೋವೈದ್ಯೆಯ ಹತ್ತಿರ ಕರೆದೊಯ್ದೆ. "ನೀವು ಆಚೆ ಕೂತಿರಿ" ಎಂದರು ಆಕೆ. ಮುಚ್ಚಿದ ಬಾಗಿಲ ಮುಂದೆ ಅರ್ಧ ಗಂಟೆ ಕೂತೆ. ಒಳಗೆ ಹುಡುಗಿ ಗೊಳೋ ಎಂದು ಅತ್ತಳು, ಆಮೇಲೆ ಮಾತಾಡಿದಳು.

ಸುದ್ದಿ ಹೇಗೋ ಮುಟ್ಟಿ, ಇವತ್ತು ಆ ಮೇಲ್ವಿಚಾರಕ ಮಹಾಶಯನ ಫೋನು. ಅವಳು ಹೇಗಿದ್ದಾಳೆಂದು ಕೇಳಲೇ ಇಲ್ಲ ಅಕ್ಕಾ! "ಅವಳನ್ನ ಒಬ್ಬಳನ್ನೇ ಹೇಗೆ ಬಿಟ್ರಿ ಸಿಸ್ಟರ್? ನಿಯಮ ಗೊತ್ತಿಲ್ವಾ?"

"ವಾರದಿಂದ ನನ್ನ ಪಕ್ಕದಲ್ಲೇ ಒಬ್ಬಳೇ ಇದ್ದಳು ಕಣಪ್ಪಾ, ಅದು ಕಾಣ್ಲಿಲ್ವಾ ನಿಂಗೆ?" ಎಂದು ಫೋನಿಟ್ಟೆ.

ಮಾತ್ರೆ ನುಂಗಿದ ಹುಡುಗಿ ಹಾಡಹಗಲಲ್ಲೇ ಗೊರಕೆ ಹೊಡೆಯುತ್ತಿದ್ದಾಳೆ. ನಾನು ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದೇನೆ, ನಿಯಮದಂತೆ ಕಣ್ಣಳತೆಯಲ್ಲೇ. ಈ ಅಂಚೆ ಕಾರ್ಡು ತುಂಬಿತು, ಕೋಪ ತುಳುಕಿತು. ಫೋನು ಮತ್ತೆ ಬಡಿದುಕೊಳ್ಳುತ್ತಿದೆ. ಅದರ ಮೇಲೆ ನನ್ನ ದಿಂಬು ಹೇರಿದ್ದೇನೆ.

ನಿನ್ನ ತಂಗಿ