ರದ್ದಿಗೆ ಹೊರಟ ಹನ್ನೊಂದು ವಹಿಗಳು

ಗುಳೇದಗುಡ್ಡ
ಫೆಬ್ರವರಿ ಮೂವತ್ತು, ೨೧೮೭

ಡಾಕ್ಟರ್ ನೀಲಾಂಬಿಕಾ ಹೊಸಕೇರಿಯವರಿಗೆ ಸಾವಂತ್ರೆವ್ವ ಕಮತಗಿ ಮಾಡುವ ಶರಣು ಶರಣಾರ್ಥಿ.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದ್ದಾರೆ, ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿದೆ. ನನ್ನ ಮಾತೂ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸೀತು, ಕ್ಷಮಿಸಿ. ನೂರ ಅರವತ್ತು ವರ್ಷ ಹಿಂದಿನವರಿಗೆ ಬರೆದು ರೂಢಿಯಿಲ್ಲ. ‘ಕಾಲದಂಚೆ’ ಎಂಬುದು ಶುರುವಾಗಿ ಎರಡು ವರ್ಷವಾಯಿತು. ಒಬ್ಬರಿಗೆ ಜನ್ಮದಲ್ಲಿ ಒಂದೇ ಪತ್ರ, ಅದೂ ತಲುಪುವ ಭರವಸೆಯನ್ನು ಯಾರೂ ಕೊಡುವುದಿಲ್ಲ. ನನ್ನ ಓರಗೆಯವರೆಲ್ಲ ತೀರಿಹೋದ ತಾಯಿತಂದೆಗೆ ಬರೆದರು. ನಾನು ಗುರುತು ಪರಿಚಯವಿಲ್ಲದ ನಿಮಗೆ ಬರೆಯುತ್ತಿದ್ದೇನೆ, ಅದೂ ಜಗಳ ತೆಗೆಯುವುದಕ್ಕೆ.

ನಾನೂ ನಿಮ್ಮ ಹಾಗೆ ಇದೇ ಊರಲ್ಲಿ ಸಕ್ಕರೆ ಕಾಯಿಲೆಯ ವೈದ್ಯೆ. ಇಲ್ಲಿ ಈಗಲೂ ಖಣ ನೇಯುತ್ತಾರೆ, ಈಗಲೂ ಜೋಳದ ರೊಟ್ಟಿಗೆ ಶೇಂಗಾ ಚಟ್ನಿಯೇ. ಆದರೆ ಬೆರಳು ಚುಚ್ಚಿ ರಕ್ತ ತೆಗೆಯುವುದನ್ನು ನಮ್ಮವರು ಯಾರೂ ಕಂಡಿಲ್ಲ. ಹುಟ್ಟಿದ ಕೂಸಿನ ಮುಂಗೈಯೊಳಗೆ ಎಳ್ಳುಕಾಳಿನಷ್ಟಿರುವ ‘ತೊಗಲುಗಣ್ಣು’ ಇಡುತ್ತೇವೆ. ಅದು ಜೀವಮಾನವಿಡೀ ರಕ್ತದ ಸಕ್ಕರೆಯನ್ನು ಕಾವಲು ಕಾಯುತ್ತದೆ. ಮದುವೆ ಮನೆಯಲ್ಲಿ ಯಾರು ಎರಡನೇ ಹೋಳಿಗೆ ತಿಂದರೂ ದವಾಖಾನೆಯಲ್ಲಿ ಕುಳಿತ ನನಗೆ ತಿಳಿಯುತ್ತದೆ. ಅದಕ್ಕೇ ನನ್ನನ್ನು ಮದುವೆಗೆ ಕರೆಯುವವರು ಕಡಿಮೆ.

ದಪ್ಪ ಮೈಯವರ ಸಕ್ಕರೆಯನ್ನು ನಾವು ಬಹುಮಟ್ಟಿಗೆ ಹದಕ್ಕೆ ತಂದಿದ್ದೇವೆ. ತೆಳ್ಳಗಿನವರದು ಇನ್ನೂ ಕೈಗೆ ಹತ್ತಿಲ್ಲ. ನನ್ನ ಮೊಮ್ಮಗಳು ನಿಂಬೆಕ್ಕನಿಗೆ ಇಪ್ಪತ್ತನಾಲ್ಕು ವರ್ಷ, ಕಡ್ಡಿಯಂತಿದ್ದಾಳೆ. ದಪ್ಪ ಮೈಗೆಂದು ಮಾಡಿದ ಔಷಧ ಅವಳಿಗೆ ನಾಟುವುದಿಲ್ಲ. ಇನ್ಸುಲಿನ್ ಒಂದಿಷ್ಟು ಹೆಚ್ಚಾದರೆ ಮಗ್ಗದ ಮುಂದೆಯೇ ಕುಸಿದು ಬೀಳುತ್ತಾಳೆ. ಈ ವರ್ಷ ಮೂರು ಸಲ ಬಿದ್ದಿದ್ದಾಳೆ. ಊರಿಗೆಲ್ಲ ಧೈರ್ಯ ಹೇಳುವ ನನಗೆ ಈಗ ಹೆದರಿಕೆಯಾಗಿದೆ.

ಇನ್ನು ನಿಮ್ಮ ವಿಷಯ. ಹತ್ತೊಂಬತ್ತು ವರ್ಷ ನೇಕಾರ ಮನೆಗಳವರ ತೂಕ, ಎತ್ತರ, ಸಕ್ಕರೆ ಅಳೆದು ಬರೆದು ನೀವು ಹನ್ನೆರಡು ವಹಿ ತುಂಬಿಸಿದಿರಿ. ಹನ್ನೆರಡನೆಯದು ಮಾತ್ರ ನಮ್ಮ ದವಾಖಾನೆಯ ದಫ್ತರದಲ್ಲಿದೆ. ಅದರ ಕೊನೆಯ ಪುಟದಲ್ಲಿ, ೨೦೨೬ರ ಜೂನ್ ಒಂಬತ್ತರಂದು, ಪರವ್ವ ಧೋತ್ರದ ಎಂಬ ನೇಕಾರ ಹೆಂಗಸಿನ ಮಾತನ್ನು ಬರೆದಿದ್ದೀರಿ: “ಎರಡ ದಿನದಿಂದ ಏನೂ ತಿಂದಿಲ್ರಿ ಡಾಕ್ಟರ್ ಬಾಯಾರ. ನಾವೆಲ್ಲಾರೂ ಹಿಂಗ ಬರ್ತೀವ್ರಿ. ಸಕ್ಕರಿ ಜಾಸ್ತಿ ಬಂದ್ರ ನಿಮ್ಮ ಮಾರಿ ಸಣ್ಣದಾಗ್ತೈತಿ, ನಮಗ ನೋಡಾಕಾಗಂಗಿಲ್ಲ.” ಅದರ ಕೆಳಗೆ ನಿಮ್ಮ ಸಾಲು: ‘ಹತ್ತೊಂಬತ್ತು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದೆ. ಎಲ್ಲಾ ಸುಳ್ಳು. ಹಳೆಯ ಹನ್ನೊಂದು ವಹಿ ನಾಳೆ ರದ್ದಿಗೆ.’

ಅದನ್ನು ಓದಿ ಮೊದಲು ಅಳು ಬಂತು, ಆಮೇಲೆ ಸಿಟ್ಟು. ನಿಮ್ಮ ಮೋರೆ ಬಾಡಬಾರದೆಂದು ಓಣಿಗೆ ಓಣಿಯೇ ಹಸಿದು ಬಂದಿದೆ. ಅಷ್ಟು ಪ್ರೀತಿ ಗಳಿಸಿದ ವೈದ್ಯರನ್ನು ನಾನು ಕಂಡಿಲ್ಲ, ಆ ಭಾಗ್ಯ ನನಗಂತೂ ಇಲ್ಲ. ಅದಿರಲಿ. ಪರವ್ವನ ಸಕ್ಕರೆ ಅವತ್ತು ಎಷ್ಟಿತ್ತೆಂದು ನೋಡಿದಿರಾ? ಮುನ್ನೂರ ಹತ್ತು. ಎರಡು ದಿನ ಹಸಿದರೂ ಇಳಿದಿಲ್ಲ. ಆ ವಹಿಯಲ್ಲಿ ದಪ್ಪ ಮೈಯವರದೆಲ್ಲ ಇಳಿದಿದೆ, ತೆಳ್ಳಗಿನ ಆರು ಮಂದಿಯದು ಇಳಿದಿಲ್ಲ. ಅವರ ಕಾಯಿಲೆಯೇ ಬೇರೆ, ಬಾಯಾರೇ. ನೀವು ಸಿಟ್ಟಿನಲ್ಲಿದ್ದಿರಿ, ಕಣ್ಣಿಗೆ ಬೀಳಲಿಲ್ಲ. ನನಗೂ ಹಾಗೆ ಎಷ್ಟೋ ಸಲ ಆಗಿದೆ.

ಹೀಗೆ ಹಸಿದವರ ಸಕ್ಕರೆ ಅಳೆಯುವ ಪರೀಕ್ಷೆಯನ್ನು ಇವತ್ತು ಯಾರೂ ಮಾಡುವಂತಿಲ್ಲ. ರೋಗಿಯನ್ನು ಎರಡು ಹೊತ್ತು ಉಪವಾಸ ಇಟ್ಟರೆ ಅಪರಾಧ. ಆರು ಮಂದಿಯ ವಿವರ ಹಿಡಿದು ಔಷಧ ಮಂಡಳಿಗೆ ಹೋದೆ. “ಆರು ಮಂದಿ ಸಾಲೂದಿಲ್ಲವ್ವ, ನೂರು ಮಂದೀದರೆ ತಗೊಂಡು ಬಾ, ಹೊಸ ಔಷಧ ಹುಡುಕೋಣು” ಎಂದು ಕಳಿಸಿದರು. ಆ ನೂರು ಮಂದಿ ನಿಮ್ಮ ಹನ್ನೊಂದು ವಹಿಗಳಲ್ಲಿ ಇದ್ದಾರೆ.

ಅದಕ್ಕೇ ಈ ಪತ್ರವನ್ನು ನಿಮ್ಮ ಆ ಜೂನ್ ಒಂಬತ್ತಕ್ಕೇ ಕಳಿಸುತ್ತಿದ್ದೇನೆ, ಕೈಮುಗಿದು ಕೇಳುತ್ತೇನೆ. ರದ್ದಿಯವನು ಬಂದರೆ ಹಳೆಯ ಪೇಪರು ಕೊಟ್ಟು ಕಳಿಸಿ. ವಹಿಗಳನ್ನು ಹನ್ನೆರಡನೆಯದರ ಪಕ್ಕದಲ್ಲಿಯೇ ಇಡಿ, ಅದು ಉಳಿದ ಜಾಗದಲ್ಲಿ ಅವೂ ಉಳಿದಾವು. ಪರವ್ವನನ್ನು ಬೈಯಬೇಡಿ, ಪಾಪ, ಮೊದಲು ಊಟಕ್ಕೆ ಕಳಿಸಿ. ನೀವೂ ಒಂದು ತುತ್ತು ತಿನ್ನಿ. ನಿಮ್ಮ ಹತ್ತೊಂಬತ್ತು ವರ್ಷ ದಂಡವಾಗಿಲ್ಲ.

ಈ ಪತ್ರಕ್ಕೆ ಉತ್ತರ ಬರುವ ದಾರಿಯಿಲ್ಲ. ನಾಳೆ ಬೆಳಿಗ್ಗೆ ದಫ್ತರದ ಕಪಾಟು ತೆಗೆದು ನೋಡುತ್ತೇನೆ. ನಿಂಬೆಕ್ಕ ತಾನೂ ಬರುತ್ತೇನೆ ಎಂದಿದ್ದಾಳೆ. ಇವತ್ತು ಅದರಲ್ಲಿ ಒಂದೇ ವಹಿ ಇದೆ.